ಸೂಳೆಕೆರೆಯ ಆಲ್ಬಂ ಯಾರ ಬಳಿ ಇದೆ?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಒಂದು ಆಲ್ಬಂ ಇದೆ. ಕೆರೆ ತುಂಬಿ ನಿಂತ ವರ್ಷ, ಹಿನ್ನೀರು ಏರಿಯ ಕಡೆಗೆ ಸರಿದುಹೋದ ವರ್ಷ, ಅಂಚಿನ ಹೊಲಗಳು ತೋಟಗಳಾದ ವರ್ಷ ಅದರಲ್ಲಿ ಒಂದರ ಪಕ್ಕ ಒಂದು ಕೂತಿವೆ. ಪ್ರತಿ ಚಿತ್ರಕ್ಕೂ ತಾರೀಕಿದೆ, ಗಂಟೆ ನಿಮಿಷವೂ ಇದೆ. ಆದರೆ ಆ ಆಲ್ಬಂ ಇರುವುದು ಚನ್ನಗಿರಿಯಲ್ಲಲ್ಲ, ದಾವಣಗೆರೆಯಲ್ಲೂ ಅಲ್ಲ. ಅಮೆರಿಕದ ಸೌತ್ ಡಕೋಟಾ ರಾಜ್ಯದ ಸೂ ಫಾಲ್ಸ್ ಎಂಬ ಊರಿನ ಹತ್ತಿರ. ಲ್ಯಾಂಡ್‌ಸ್ಯಾಟ್ ಸರಣಿಯ ಉಪಗ್ರಹಗಳು 1972ರಿಂದ ಇಡೀ ಭೂಮಿಯನ್ನು ಸುತ್ತುತ್ತ ತೆಗೆದ ಚಿತ್ರಗಳನ್ನು ಅಲ್ಲಿನ ಭೂವೈಜ್ಞಾನಿಕ ಇಲಾಖೆ ಆ ಕೇಂದ್ರದಲ್ಲಿ ಕಾಪಿಟ್ಟಿದೆ. ಇಂಟರ್‌ನೆಟ್ ಇರುವ ಯಾರು ಬೇಕಾದರೂ, ಒಂದು ಪೈಸೆ ಕೊಡದೆ, ಅವನ್ನು ಇಳಿಸಿಕೊಳ್ಳಬಹುದು.

ಇದು ಮೊದಲಿನಿಂದ ಹೀಗಿರಲಿಲ್ಲ. 2008ರ ತನಕ ಒಂದೊಂದು ಚಿತ್ರಕ್ಕೆ ನೂರಾರು ಡಾಲರ್ ಬೆಲೆಯಿತ್ತು. ಕೊಳ್ಳುತ್ತಿದ್ದವರು ದೊಡ್ಡ ಕಂಪನಿಗಳು, ಸರ್ಕಾರಗಳು, ಹಣವಿದ್ದ ವಿಶ್ವವಿದ್ಯಾಲಯಗಳು. ಮಾರಾಟ ಉತ್ತುಂಗದಲ್ಲಿದ್ದ 2001ರಲ್ಲೂ ವರ್ಷಕ್ಕೆ ಹೋಗಿದ್ದು ಸುಮಾರು 25,000 ಚಿತ್ರ ಮಾತ್ರ. 2008ರಲ್ಲಿ ಬೆಲೆಯನ್ನೇ ತೆಗೆದುಹಾಕಿದರು. ಕೆಲವೇ ವರ್ಷಗಳಲ್ಲಿ ಲೆಕ್ಕ ವರ್ಷಕ್ಕೆ ಹತ್ತು ಲಕ್ಷ ದಾಟಿತು. ಚಿತ್ರಗಳು ಅವೇ, ಉಪಗ್ರಹಗಳೂ ಅವೇ. ಬಾಗಿಲಿನ ಬೀಗ ತೆಗೆದದ್ದಷ್ಟೇ ಬದಲಾವಣೆ.

ಸಾರ್ವಜನಿಕರ ಹಣದಲ್ಲಿ ಆಕಾಶದಿಂದ ತೆಗೆದ ಚಿತ್ರ, ಹಿಡಿದ ಧ್ವನಿ, ಅಳೆದ ಅಂಕಿ ಸಾರ್ವಜನಿಕರ ಕೈಗೆ ಸಿಗಬೇಕು ಎಂಬ ಮಾತನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಭಾರತವೂ ಅದನ್ನು ಒಪ್ಪಿದೆ. 2023ರ ಭಾರತೀಯ ಬಾಹ್ಯಾಕಾಶ ನೀತಿ, ಸರ್ಕಾರಿ ಉಪಗ್ರಹಗಳು ತೆಗೆಯುವ 5 ಮೀಟರ್ ಮತ್ತು ಅದಕ್ಕಿಂತ ದಪ್ಪ ವಿವರದ ಚಿತ್ರಗಳು ಎಲ್ಲರಿಗೂ ಮುಕ್ತವಾಗಿ ಸಿಗಬೇಕು ಎಂದಿದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2009ರಿಂದ 'ಭುವನ್' ಜಾಲತಾಣ ನಡೆಸುತ್ತಿದೆ; 'ಭೂನಿಧಿ' ಎಂಬ ಇನ್ನೊಂದು ಭಂಡಾರವೂ ಇದೆ. ಚಂದ್ರಯಾನದ ದತ್ತಾಂಶಕ್ಕೆ ಬೆಂಗಳೂರಿನ ಮಗ್ಗುಲಲ್ಲೇ ಬ್ಯಾಲಾಳು ಇದೆ. ಕಾಗದದ ಮೇಲೆ ಬಾಗಿಲು ತೆರೆದಿದೆ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಒಬ್ಬ ಹೈಸ್ಕೂಲು ಮೇಷ್ಟ್ರು, ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ, ಒಬ್ಬ ರೈತ ಮಹಿಳೆ ಆ ಬಾಗಿಲ ತನಕ ಹೋಗುವ ದಾರಿಯನ್ನು ಇನ್ನೂ ಯಾರೂ ಹಾಕಿಲ್ಲ. ಮುಕ್ತ ಎಂದು ಘೋಷಿಸಿದರೆ ಅರ್ಧ ಕೆಲಸವಷ್ಟೇ ಆದಂತೆ. ಉಳಿದರ್ಧವನ್ನು ಕರ್ನಾಟಕ ಈಗ ಮಾಡಬೇಕು, ಕನ್ನಡದಲ್ಲಿ ಮಾಡಬೇಕು.

ಆ ಚಿತ್ರಗಳಲ್ಲಿ ಕಾಣುವುದೇನು ಎಂಬುದನ್ನು ಈ ಸೀಮೆಯ ಅಳತೆಯಲ್ಲೇ ಹೇಳಬಹುದು. ಇಂದಿನ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಅಂದರೆ ಸುಮಾರು ಒಂಬತ್ತು ಗುಂಟೆ. ಭಾರತದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಒಂದು ಕ್ಯಾಮೆರಾದಲ್ಲಿ ಚುಕ್ಕೆ ಐದೂವರೆ ಗುಂಟೆಯಾಗುತ್ತದೆ. ಐರೋಪ್ಯ ಒಕ್ಕೂಟದ ಸೆಂಟಿನೆಲ್-2 ಉಪಗ್ರಹ 2015ರಿಂದ ತೆಗೆಯುತ್ತಿರುವ ಚಿತ್ರಗಳಲ್ಲಿ ಒಂದು ಚುಕ್ಕೆ ಸರಿಸುಮಾರು ಒಂದೇ ಗುಂಟೆ. ಎರಡೂವರೆ ಸಾವಿರ ಹೆಕ್ಟೇರ್‌ಗೂ ಮೀರಿದ ಸೂಳೆಕೆರೆ ಈ ಲೆಕ್ಕದಲ್ಲಿ ಲ್ಯಾಂಡ್‌ಸ್ಯಾಟ್‌ನ 29 ಸಾವಿರದಷ್ಟು ಚುಕ್ಕೆಗಳಲ್ಲಿ ಹರಡಿಕೊಂಡಿರುತ್ತದೆ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಏರಿ, ಕೆರೆ ಕಟ್ಟಿಸಿದಳೆಂಬ ಶಾಂತವ್ವನ ಕಥೆ ಹೇಳುವ ಊರುಗಳು, ಸಿದ್ಧ ನಾಲೆ ಮತ್ತು ಬಸವ ನಾಲೆಯ ಅಚ್ಚುಕಟ್ಟು, ಎಲ್ಲವೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ.

ಮನುಷ್ಯರ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಈ ಕ್ಯಾಮೆರಾಗಳು ಹಿಡಿಯುತ್ತವೆ. ಹಸಿರೆಲೆ ಆ ಬೆಳಕನ್ನು ಜೋರಾಗಿ ಹಿಂದಕ್ಕೆ ಚಿಮ್ಮಿಸುತ್ತದೆ, ನೀರು ನುಂಗಿಬಿಡುತ್ತದೆ. ಹಾಗಾಗಿ ತಜ್ಞರು ಬಳಸುವ ಬಣ್ಣಗಳಲ್ಲಿ ತೋಟ, ಗದ್ದೆ ಕೆಂಪಾಗಿಯೂ ಕೆರೆ ಕಪ್ಪಾಗಿಯೂ ಕಾಣುತ್ತವೆ. ಅಡಿಕೆ ತೋಟ ವರ್ಷವಿಡೀ ಕೆಂಪು. ಮೆಕ್ಕೆಜೋಳದ ಹೊಲ ಮುಂಗಾರಿನಲ್ಲಿ ಕೆಂಪಾಗಿ, ಕೊಯ್ಲಾದ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ. ಒಂದು ಊರಿನ ಬೇಸಿಗೆಯ ಚಿತ್ರಗಳನ್ನು ವರ್ಷದ ಮೇಲೆ ವರ್ಷ ಇಟ್ಟು ನೋಡಿದರೆ ಖುಷ್ಕಿ ಯಾವಾಗ ತೋಟವಾಯಿತು ಎಂಬುದನ್ನು ಪಹಣಿಯ ಹಂಗಿಲ್ಲದೆ ಓದಬಹುದು. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಹಬ್ಬಿದ ಬಗೆ, ಅದರ ಹಿಂದೆ ಬೋರ್‌ವೆಲ್‌ಗಳು ಆಳಕ್ಕಿಳಿದ ಬಗೆ ಈ ಭಾಗದ ದೊಡ್ಡ ಕಥೆ. ಅದನ್ನು ಬರೆಯಲು ಬೇಕಾದ ಸಾಕ್ಷ್ಯ ಆಗಲೇ ತೆಗೆದಿಟ್ಟಾಗಿದೆ. ಹೊಸದಾಗಿ ಒಂದು ರೂಪಾಯಿ ಖರ್ಚಿಲ್ಲ.

ಸೂಳೆಕೆರೆಯ ಒತ್ತುವರಿ, ಹೂಳು, ಸರಹದ್ದಿನ ಮಾತು ಆ ಭಾಗದಲ್ಲಿ ವರ್ಷಗಳಿಂದ ನಡೆದಿದೆ. ಸರ್ವೆ ಮಾಡಿ ಎಂದು ಜನ ಕೇಳುತ್ತಲೇ ಬಂದಿದ್ದಾರೆ. ಇಂಥ ಜಗಳಗಳಲ್ಲಿ ಒಂದು ಕಡೆಯವರು ಅಜ್ಜನ ಕಾಲದಿಂದ ಇಲ್ಲೇ ಉಳುತ್ತಿದ್ದೇವೆ ಎನ್ನುತ್ತಾರೆ. ಇನ್ನೊಂದು ಕಡೆಯವರು ನೀರು ಅಲ್ಲಿತನಕ ನಿಲ್ಲುತ್ತಿತ್ತು ಎನ್ನುತ್ತಾರೆ. ಐರೋಪ್ಯ ಒಕ್ಕೂಟದ ಸಂಶೋಧನಾ ಕೇಂದ್ರವೊಂದು 1984ರಿಂದೀಚಿನ ಸುಮಾರು 30 ಲಕ್ಷ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಜಾಲಾಡಿ, ಭೂಮಿಯ ಯಾವ ಚುಕ್ಕೆಯಲ್ಲಿ ಎಷ್ಟು ಕಾಲ ನೀರು ನಿಂತಿತ್ತು ಎಂಬ ನಕ್ಷೆಯನ್ನು 2016ರಲ್ಲಿ ಪ್ರಕಟಿಸಿತು. ಅದೂ ಉಚಿತ. ಉಪಗ್ರಹ ಚಿತ್ರ ಸರ್ವೆಯ ಸರಪಳಿಗೆ ಬದಲಿಯಲ್ಲ. ಒಂಬತ್ತು ಗುಂಟೆಯ ಚುಕ್ಕೆ ಹಿಡಿದು ಯಾರ ಬದುವನ್ನೂ ಕದಲಿಸಲಾಗದು, ಕದಲಿಸಲೂಬಾರದು. ಆದರೆ ಯಾವ ದಶಕದಲ್ಲಿ ನೀರು ಎಲ್ಲಿತನಕ ಇತ್ತು ಎಂಬ ಪ್ರಶ್ನೆಗೆ ಎರಡೂ ಕಡೆಯವರು ಒಪ್ಪಲೇಬೇಕಾದ ಮೂರನೆಯ ಸಾಕ್ಷಿ ಅದು. ಗ್ರಾಮಸಭೆಯಲ್ಲಿ ಅಂಥ ಒಂದು ಚಿತ್ರವನ್ನು ಗೋಡೆಗೆ ಹಚ್ಚಿ ಮಾತು ಶುರುಮಾಡಿದರೆ ಅರ್ಧ ಕೂಗಾಟ ಇಳಿಯುತ್ತದೆ.

ಹೊನ್ನಾಳಿಗೆ ಬೇರೆ ಬಗೆಯ ಚಿತ್ರ ಬೇಕು. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ಮುಂದೆ ಹರಿದು ಬರುವ ನದಿ ಈ ಪಟ್ಟಣದ ಪಕ್ಕದಲ್ಲೇ ಹಾದುಹೋಗುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಬಾಲರಾಜ್ ಘಾಟ್‌ನ ಮನೆಗಳಿಗೆ ನೀರು ಬರುತ್ತದೆ. 2019ರ ಆಗಸ್ಟ್‌ನಲ್ಲಿ ನದಿ ಉಕ್ಕಿದ್ದನ್ನು ದಡದವರು ಮರೆತಿಲ್ಲ. ಪ್ರವಾಹದ ದಿನಗಳಲ್ಲಿ ಆಕಾಶ ಮೋಡ ಕವಿದಿರುತ್ತದೆ, ಸಾಮಾನ್ಯ ಕ್ಯಾಮೆರಾಕ್ಕೆ ಮೋಡದ ಬೆನ್ನಷ್ಟೇ ಸಿಗುತ್ತದೆ. ರೇಡಾರ್ ಉಪಗ್ರಹಕ್ಕೆ ಆ ತೊಡಕಿಲ್ಲ. ತಾನೇ ರೇಡಿಯೊ ಅಲೆ ಕಳಿಸಿ, ಮರಳಿ ಬಂದದ್ದನ್ನು ಹಿಡಿಯುತ್ತದೆ. ರಾತ್ರಿಯಾದರೂ ಮೋಡವಾದರೂ ಒಂದೇ. ಸಮತಟ್ಟಾಗಿ ನಿಂತ ನೀರು ಅಲೆಯನ್ನು ಬೇರೆ ಕಡೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. 2014ರಲ್ಲಿ ಹಾರಿದ ಸೆಂಟಿನೆಲ್-1 ಇಂಥದ್ದು, ಅದರ ಭಂಡಾರವೂ ಎಲ್ಲರಿಗೂ ತೆರೆದಿದೆ. ಭಾರತ ಮತ್ತು ಅಮೆರಿಕ ಸೇರಿ ಕಟ್ಟಿದ, ಬೆಂಗಳೂರಿನಲ್ಲಿ ಜೋಡಣೆಯಾದ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ಮೀಟರ್ ವ್ಯಾಸದ ಆಂಟೆನಾ ಬಿಚ್ಚಿಕೊಂಡು, ಹನ್ನೆರಡು ದಿನಕ್ಕೊಮ್ಮೆ ಅದೇ ನೆಲದ ಮೇಲೆ ಮರಳಿ ಬರುವ ಯಂತ್ರ ಅದು. ಅದರ ದತ್ತಾಂಶವನ್ನೂ ಮುಕ್ತವಾಗಿ ಕೊಡುತ್ತೇವೆ ಎಂದು ಎರಡೂ ದೇಶಗಳು ಹೇಳಿವೆ. ಯಾವ ವರ್ಷದ ನೆರೆ ಎಲ್ಲಿತನಕ ಬಂತು ಎಂದು ಗುರುತಿಸಿದ ಒಂದು ಕನ್ನಡ ನಕ್ಷೆ ಹೊನ್ನಾಳಿಯ ಪೌರಾಡಳಿತ ಕಚೇರಿಯ ಗೋಡೆಯ ಮೇಲೆ ಇದ್ದರೆ, ಹೊಸ ಮನೆಗೆ ಪರವಾನಗಿ ಕೇಳಿ ಬಂದವರೂ ಕೊಡುವವರೂ ಒಮ್ಮೆ ಅದರ ಕಡೆ ನೋಡಬಹುದು.

ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಸವಳಂಗದ ಕೆರೆಯಿದೆ, ತೀರ್ಥರಾಮೇಶ್ವರದ ಕಾಡುಗುಡ್ಡವಿದೆ, ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪಕ್ಕೆ ಹೋಗುವ ದಾರಿಯುದ್ದಕ್ಕೂ ಮೆಕ್ಕೆಜೋಳವಿದೆ. ಹೊಸ ತಾಲ್ಲೂಕಿಗೆ ಕಚೇರಿ, ಕಡತ ಎಲ್ಲವೂ ಹೊಸದು. ಆಕಾಶದ ಕಡತ ಮಾತ್ರ ಐವತ್ತು ವರ್ಷ ಹಳೆಯದು.

ಜಗಳೂರಿನಲ್ಲಿ ವಿಷಯ ಇನ್ನೂ ತುರ್ತಿನದು. ಬರದ ಹೆಸರು ಹೇಳಿದರೆ ಮೊದಲು ನೆನಪಾಗುವ ತಾಲ್ಲೂಕುಗಳಲ್ಲಿ ಅದೂ ಒಂದು. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಅಲ್ಲಿನವರ ಬಹುದಿನದ ಆಸೆ. ಯಾವ ಕೆರೆಗೆ ನೀರು ಬಂತು, ಯಾವುದಕ್ಕೆ ಬರಲಿಲ್ಲ, ಬಂದದ್ದು ಎಷ್ಟು ತಿಂಗಳು ನಿಂತಿತು ಎಂಬುದಕ್ಕೆ ಗುತ್ತಿಗೆದಾರರ ವರದಿಯನ್ನೋ ಭಾಷಣವನ್ನೋ ಕಾಯಬೇಕಿಲ್ಲ. ಒಂದು ಗುಂಟೆಯ ಚುಕ್ಕೆಯಲ್ಲಿ ಪ್ರತಿ ಕೆರೆಯ ಕಪ್ಪು ಹಿಗ್ಗುವುದು, ಕುಗ್ಗುವುದು ಕಾಣುತ್ತದೆ. ತಾಲ್ಲೂಕಿನ ಒಬ್ಬ ಪಿಯುಸಿ ವಿದ್ಯಾರ್ಥಿನಿಗೆ ಒಂದು ವಾರ ತರಬೇತಿ ಕೊಟ್ಟರೆ ಆ 57 ಕೆರೆಗಳ ತಿಂಗಳ ಲೆಕ್ಕವನ್ನು ಆಕೆ ಬರೆದಿಡಬಲ್ಲಳು. 2011ರಲ್ಲಿ ಕೊಂಡುಕುರಿಗಳಿಗಾಗಿ ಘೋಷಣೆಯಾದ ರಂಗಯ್ಯನದುರ್ಗ ವನ್ಯಧಾಮದ ಕುರುಚಲು ಕಾಡು ಯಾವ ಬೇಸಿಗೆಯಲ್ಲಿ ಎಷ್ಟು ಒಣಗಿತು ಎಂಬುದನ್ನೂ.

ಬರ ಘೋಷಣೆಗೂ ಈ ಚಿತ್ರಗಳಿಗೂ ನೇರ ನಂಟಿದೆ. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಒಂದು ತಾಲ್ಲೂಕನ್ನು ಬರಪೀಡಿತ ಎಂದು ಸಾರಲು ಮಳೆಯ ಅಂಕಿಯೊಂದೇ ಸಾಲದು. ಬಿತ್ತನೆ, ಮಣ್ಣಿನ ತೇವ, ಜಲಾಶಯದ ಮಟ್ಟದ ಜತೆಗೆ ಉಪಗ್ರಹ ಚಿತ್ರದಿಂದ ತೆಗೆದ ಬೆಳೆಯ ಹಸಿರಿನ ಸೂಚ್ಯಂಕವನ್ನೂ ನೋಡಬೇಕು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದದ್ದು ಹಂತಹಂತವಾಗಿ, ಇಂಥ ಅಳತೆಗೋಲುಗಳ ಮೇಲೆ. ಅಂದರೆ ಒಬ್ಬ ರೈತನಿಗೆ ಪರಿಹಾರ ಬರುವುದೋ ಇಲ್ಲವೋ ಎಂಬುದರಲ್ಲಿ ಏಳೆಂಟುನೂರು ಕಿಲೋಮೀಟರ್ ಎತ್ತರದ ಕ್ಯಾಮೆರಾದ ಪಾಲೂ ಇದೆ. ನ್ಯಾಯಾಲಯದಲ್ಲಿ ತನ್ನ ವಿರುದ್ಧವೋ ಪರವೋ ಮಂಡಿಸಿದ ಸಾಕ್ಷ್ಯವನ್ನು ನೋಡುವ ಹಕ್ಕು ಕಕ್ಷಿದಾರನಿಗಿದೆ. ಜಗಳೂರಿನ ರೈತನಿಗೆ ತನ್ನ ಹೋಬಳಿಯ ಆ ವರ್ಷದ ಚಿತ್ರವನ್ನು, ಕನ್ನಡದ ಎರಡು ಸಾಲಿನ ವಿವರಣೆಯೊಡನೆ, ನೋಡುವ ಹಕ್ಕು ಯಾಕಿರಬಾರದು?

ಹಳ್ಳಿಯವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎನ್ನುವವರು ದಿಶಾಂಕ್ ಆ್ಯಪನ್ನು ನೆನೆಯಬೇಕು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಆ ಆ್ಯಪನ್ನು ಹೊಲದಲ್ಲಿ ನಿಂತು ತೆರೆದರೆ ಕಾಲಕೆಳಗಿನ ಸರ್ವೆ ನಂಬರು ಕಾಣುತ್ತದೆ. ಅದನ್ನು ಬಳಸುವುದಕ್ಕೆ ಯಾರೂ ಇಂಜಿನಿಯರಿಂಗ್ ಓದಬೇಕಾಗಲಿಲ್ಲ. ಕನ್ನಡದಲ್ಲಿತ್ತು, ಕೈಯಳತೆಯಲ್ಲಿತ್ತು, ತಮ್ಮ ಹೊಲಕ್ಕೆ ಸಂಬಂಧಪಟ್ಟಿತ್ತು, ಅಷ್ಟೇ.

ಇನ್ನು ಚಂದ್ರನ ವಿಚಾರ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳಿನಲ್ಲಿ 32 ಮೀಟರ್ ಮತ್ತು 18 ಮೀಟರ್ ವ್ಯಾಸದ ಎರಡು ದೊಡ್ಡ ಆಂಟೆನಾಗಳಿವೆ. 2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹಾರುವ ಹೊತ್ತಿಗೆ ಅವು ಸಜ್ಜಾಗಿದ್ದವು. ಅದೇ ಆವರಣದಲ್ಲಿ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವಿದೆ. ಚಂದ್ರಯಾನ, ಮಂಗಳಯಾನ, ಆಸ್ಟ್ರೋಸ್ಯಾಟ್ ಕಳಿಸಿದ್ದೆಲ್ಲ ಇಲ್ಲಿಗೆ ಬಂದು ಸೇರಿದೆ, 'ಪ್ರದಾನ್'ನಂಥ ಜಾಲತಾಣಗಳ ಮೂಲಕ ಹೊರಕ್ಕೂ ಹೋಗುತ್ತದೆ. ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರ ಸಂಜೆ ಇಳಿಯಿತಲ್ಲ, ಸರಿಯಾಗಿ ಒಂದು ವರ್ಷಕ್ಕೆ, ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನದಂದು, ಅದರ ದತ್ತಾಂಶವನ್ನು ಇಸ್ರೊ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದು ಹೃದಯ ತುಂಬಿ ಮೆಚ್ಚಬೇಕಾದ ನಡೆ.

ಬಿಟ್ಟುಕೊಟ್ಟ ದತ್ತಾಂಶ ಏನೇನು ಮಾಡಬಲ್ಲದು ಎಂಬುದಕ್ಕೆ ಭಾರತದ್ದೇ ಎರಡು ಉದಾಹರಣೆ ಸಾಕು. ಚಂದ್ರಯಾನ-1ರ ಮೇಲೆ ಅಮೆರಿಕದ ಒಂದು ಉಪಕರಣ ಕೂತಿತ್ತು, ಚಂದ್ರನ ಖನಿಜಗಳ ನಕ್ಷೆ ತೆಗೆಯುವುದು ಅದರ ಕೆಲಸ. 2009ರ ಆಗಸ್ಟ್‌ನಲ್ಲಿ ನೌಕೆಯ ಸಂಪರ್ಕ ಕಡಿದುಹೋಯಿತು. ಆದರೆ ಅದು ಕಳಿಸಿದ್ದ ದತ್ತಾಂಶ ಭಂಡಾರದಲ್ಲಿ ಉಳಿಯಿತು. ಒಂಬತ್ತು ವರ್ಷಗಳ ಬಳಿಕ, 2018ರಲ್ಲಿ, ಅದನ್ನೇ ಮತ್ತೆ ತಿರುವಿಹಾಕಿದ ವಿಜ್ಞಾನಿಗಳು ಚಂದ್ರನ ಧ್ರುವಗಳ ನೆರಳಿನ ಕುಳಿಗಳಲ್ಲಿ ಮೇಲ್ಮೈಯಲ್ಲೇ ಮಂಜುಗಡ್ಡೆ ಇರುವುದಕ್ಕೆ ನೇರ ಸಾಕ್ಷ್ಯ ಕಂಡರು. ನೌಕೆ ಮೌನವಾಗಿ ದಶಕ ಸಮೀಪಿಸಿದ್ದರೂ ಅದರ ಕೆಲಸ ನಿಂತಿರಲಿಲ್ಲ.

ಎರಡನೆಯದು ಇನ್ನೂ ಹತ್ತಿರದ್ದು. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಅಪ್ಪಳಿಸಿತು. ಬಿದ್ದ ಜಾಗ ಎಲ್ಲಿ? ನಾಸಾದ ಚಂದ್ರ ಪರಿಭ್ರಮಕ ನೌಕೆ ಆ ಪ್ರದೇಶದ ಚಿತ್ರ ತೆಗೆದು ಎಲ್ಲರ ಮುಂದಿಟ್ಟಿತು. ಚೆನ್ನೈನ ಷಣ್ಮುಗ ಸುಬ್ರಮಣಿಯನ್ ಎಂಬ ಇಂಜಿನಿಯರು, ಯಾವ ಬಾಹ್ಯಾಕಾಶ ಸಂಸ್ಥೆಯ ನೌಕರರೂ ಅಲ್ಲದವರು, ಹಳೆಯ ಚಿತ್ರ ಹೊಸ ಚಿತ್ರ ಅಕ್ಕಪಕ್ಕ ಇಟ್ಟು ಚುಕ್ಕೆ ಚುಕ್ಕೆ ಹೋಲಿಸಿದರು. ಮೊದಲಿರದಿದ್ದ ಒಂದು ಬಿಳಿ ಕಲೆ ಕಂಡಿತು. ನಾಸಾಕ್ಕೆ ಬರೆದರು. ಆ ವರ್ಷದ ಡಿಸೆಂಬರ್ 2ರಂದು ನಾಸಾ ಅವಶೇಷಗಳ ಜಾಗ ಪ್ರಕಟಿಸಿ, ಮೊದಲು ಗುರುತಿಸಿದವರು ಅವರೇ ಎಂದು ಹೆಸರಿಸಿತು. ಒಂದು ಲ್ಯಾಪ್‌ಟಾಪ್, ತಾಳ್ಮೆ, ತೆರೆದ ಭಂಡಾರ ಇಷ್ಟಿದ್ದರೆ ಹೊನ್ನಾಳಿಯ ಹುಡುಗಿಯೊಬ್ಬಳು ಅದನ್ನು ಮಾಡಲಾಗದು ಎನ್ನಲು ಯಾವ ಕಾರಣವೂ ಇಲ್ಲ.

ಆದರೆ ಆಕೆ ಇಂದು ಪ್ರದಾನ್ ತೆರೆದರೆ ಎದುರಾಗುವುದೇನು? ಮೊದಲು ಹೆಸರು ನೋಂದಾಯಿಸಬೇಕು. ಒಳಗೆ ಎಲ್ಲವೂ ಇಂಗ್ಲಿಷ್, ಅದೂ ವಿಜ್ಞಾನಿಗಳ ಇಂಗ್ಲಿಷ್. ಇಳಿಸಿಕೊಂಡ ಕಡತ ಫೋನಿನಲ್ಲಿ ತೆರೆಯುವ ಫೋಟೊ ಅಲ್ಲ. ಗ್ರಹವಿಜ್ಞಾನಿಗಳು ಜಗತ್ತಿನಾದ್ಯಂತ ಒಪ್ಪಿಕೊಂಡ ಪಿಡಿಎಸ್-4 ಎಂಬ ವಿನ್ಯಾಸದ ಕಡತ, ಜತೆಗೊಂದು ಉದ್ದನೆಯ ವಿವರಪಟ್ಟಿ. ಸಂಶೋಧಕರಿಗೆ ಅದೇ ಸರಿ, ಅದನ್ನು ಬದಲಿಸಬೇಕಾಗಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಕಪಾಟು ಬೇಕು: ಸುಮ್ಮನೆ ಮುಟ್ಟಿದರೆ ತೆರೆಯುವ ಚಿತ್ರ, ಯಾವ ಕ್ಯಾಮೆರಾ, ಯಾವ ದಿನ, ಚಂದ್ರನ ಯಾವ ಭಾಗ, ಏನು ವಿಶೇಷ ಎಂಬ ನಾಲ್ಕು ಸಾಲು ಕನ್ನಡ. ಚಂದ್ರಯಾನ-2ರ ಒಂದು ಕ್ಯಾಮೆರಾ ಚಂದ್ರನ ಮೇಲೆ 25 ಸೆಂಟಿಮೀಟರ್ ವಿವರದಲ್ಲಿ ಚಿತ್ರ ತೆಗೆಯುತ್ತದೆ. ಅಪೊಲೊ ಯಾತ್ರಿಕರು ಬಿಟ್ಟುಬಂದ ಯಂತ್ರವನ್ನೂ ಅದು ಹಿಡಿದಿದೆ. ಎಂಟನೇ ತರಗತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಎಲ್ಲಿ ಸಿಕ್ಕೀತು?

ಚಿತ್ರವಷ್ಟೇ ಅಲ್ಲ, ಕಂಪನಗಳೂ ಇವೆ. ವಿಕ್ರಮ್ ಲ್ಯಾಂಡರಿನ ಜತೆ ಇಲ್ಸಾ ಎಂಬ ಕಂಪನಮಾಪಕ ಹೋಗಿತ್ತು. ಸುಮಾರು 190 ಗಂಟೆ ಅದು ಚಂದ್ರನ ನೆಲಕ್ಕೆ ಕಿವಿಗೊಟ್ಟು 250ಕ್ಕೂ ಹೆಚ್ಚು ಸಂಕೇತಗಳನ್ನು ದಾಖಲಿಸಿತು. ಬಹುಪಾಲು ಪ್ರಜ್ಞಾನ್ ರೋವರ್‌ನ ಓಡಾಟದ್ದು, ಬೇರೆ ಉಪಕರಣಗಳದ್ದು. ಐವತ್ತರಷ್ಟಕ್ಕೆ ಅಂಥ ಕಾರಣ ಸಿಗಲಿಲ್ಲ. ಅವು ಚಂದ್ರನದೇ ಮಿಡಿತವೋ ಎಂದು ವಿಜ್ಞಾನಿಗಳು ಇನ್ನೂ ನೋಡುತ್ತಿದ್ದಾರೆ. ಈ ಯಂತ್ರ ತಯಾರಾದದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊ ಪ್ರಯೋಗಾಲಯದಲ್ಲಿ. ಉಡುಪಿ ಸಮೀಪದ ಅದಮಾರಿನ ಯು.ಆರ್. ರಾವ್ ಅವರ ಮುಂದಾಳ್ತನದಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದೂ ಪೀಣ್ಯದಲ್ಲೇ. ಆ ಕಂಪನಗಳನ್ನು ಕಿವಿಗೆ ಕೇಳುವ ಧ್ವನಿಯಾಗಿ ಮಾರ್ಪಡಿಸಿ ಹತ್ತು ನಿಮಿಷದ ಕನ್ನಡ ಕಾರ್ಯಕ್ರಮ ಮಾಡಬಹುದು. ಭದ್ರಾವತಿ ಆಕಾಶವಾಣಿ ಅದನ್ನು ಬಿತ್ತರಿಸಿದರೆ ಚನ್ನಗಿರಿ, ಹೊನ್ನಾಳಿಯ ಮನೆಮನೆಯಲ್ಲಿ ಕೇಳಿಸುತ್ತದೆ. ಅಮೆರಿಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕೇಂದ್ರದವರು ಅಪೊಲೊ-11ರ ನಿಯಂತ್ರಣ ಕೊಠಡಿಯ 19,000 ಗಂಟೆಗಳಷ್ಟು ಮಾತುಕತೆಯನ್ನು ಹಳೆಯ ಟೇಪುಗಳಿಂದ ಎತ್ತಿ ಕೊಟ್ಟಿದ್ದಾರೆ. ಇಬ್ಬರು ಚಂದ್ರನ ಮೇಲೆ ನಡೆಯುತ್ತಿದ್ದಾಗ ನೂರಾರು ಮಂದಿ ಸಣ್ಣ ದನಿಯಲ್ಲಿ ಏನೇನು ಆಡಿಕೊಳ್ಳುತ್ತಿದ್ದರು ಎಂಬುದನ್ನು ಈಗ ಯಾರು ಬೇಕಾದರೂ ಕೇಳಬಹುದು.

ಆದರೆ ನಾಸಾ ಕಳೆದುಕೊಂಡದ್ದೂ ಇದೆ. ಅಪೊಲೊ-11ರ ಮೂಲ ದೃಶ್ಯ ಸಂಕೇತಗಳಿದ್ದ 45 ಟೇಪುಗಳನ್ನು, ಟೇಪಿನ ಅಭಾವವಿದ್ದ ದಿನಗಳಲ್ಲಿ, ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕು ಎಂದು 2009ರಲ್ಲಿ ಅದರ ಶೋಧ ತಂಡವೇ ಒಪ್ಪಿಕೊಂಡಿತು. ಉಳಿದದ್ದು ಟಿವಿಗಾಗಿ ಬದಲಿಸಿ ಪ್ರಸಾರ ಮಾಡಿದ, ಮಸುಕಾದ ಪ್ರತಿ. ಇನ್ನೊಂದು ಕಥೆ ಸುಖಾಂತ. 1966–67ರಲ್ಲಿ ಐದು ಲೂನಾರ್ ಆರ್ಬಿಟರ್ ನೌಕೆಗಳು ತೆಗೆದ ಚಂದ್ರನ ಚಿತ್ರಗಳ ಟೇಪು ಓದುವ ಭಾರಿ ಯಂತ್ರಗಳನ್ನು ಗುಜರಿಗೆ ಹಾಕಲು ಒಪ್ಪದ ನ್ಯಾನ್ಸಿ ಇವಾನ್ಸ್ ಎಂಬ ನಾಸಾ ಉದ್ಯೋಗಿ, ಅವನ್ನು ತಮ್ಮ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. 2008ರಲ್ಲಿ ಕ್ಯಾಲಿಫೋರ್ನಿಯಾದ ಮುಚ್ಚಿದ ಹೋಟೆಲೊಂದರಲ್ಲಿ ಕೂತ ಪುಟ್ಟ ತಂಡ ಆ ಯಂತ್ರಗಳಿಗೆ ಜೀವ ತುಂಬಿ, ಚಂದ್ರನ ಅಂಚಿನಲ್ಲಿ ಭೂಮಿ ಮೂಡುವ ಚಿತ್ರವನ್ನು ಮೊದಲಿಗಿಂತ ಸ್ಪಷ್ಟವಾಗಿ ಹೊರತೆಗೆಯಿತು. ಒಬ್ಬ ಹೆಂಗಸಿನ ಹಟ ಇಲ್ಲದಿದ್ದರೆ ಅದೂ ಇಲ್ಲ.

ಉಳಿದ ಚಿತ್ರಕ್ಕೂ ವಿವರ ಇಲ್ಲದಿದ್ದರೆ ಅಪಾಯವಿದೆ. 1981ರಲ್ಲಿ ಹಾರಿದ ಆ್ಯಪಲ್ ಉಪಗ್ರಹವನ್ನು ಎತ್ತಿನಗಾಡಿಯ ಮೇಲೆ ಕೂರಿಸಿದ ಬೆಂಗಳೂರಿನ ಫೋಟೊ ಜಗತ್ತನ್ನೇ ಸುತ್ತಿದೆ. ಲಾರಿಗೂ ಗತಿಯಿಲ್ಲದ ದೇಶದ ಸಾಹಸ ಎಂದು ಅದರಡಿ ಬರೆಯುವವರು ಇಂದಿಗೂ ಇದ್ದಾರೆ. ನಿಜದಲ್ಲಿ ಅದು ಆಂಟೆನಾ ಪರೀಕ್ಷೆ. ಲಾರಿಯ ಲೋಹದ ಮೈ ರೇಡಿಯೊ ಅಲೆಗಳಿಗೆ ತೊಡಕಾಗುತ್ತದೆ, ಮರದ ಗಾಡಿ ತೊಡಕಾಗದು ಎಂದು ಇಂಜಿನಿಯರುಗಳು ಯೋಚಿಸಿ ಮಾಡಿದ ಜಾಣತನ. ದೀಪಾವಳಿ ಬಂತೆಂದರೆ ವಾಟ್ಸ್ಆ್ಯಪ್‌ನಲ್ಲಿ ಬಣ್ಣಬಣ್ಣದ ದೀಪಗಳ ಭಾರತದ ನಕ್ಷೆ ಹರಿದಾಡುತ್ತದೆ, ಬಾಹ್ಯಾಕಾಶದಿಂದ ಕಂಡ ದೀಪಾವಳಿ ಎಂದು. ಅದು 2003ರಲ್ಲಿ ಅಮೆರಿಕದ ವಿಜ್ಞಾನಿಯೊಬ್ಬರು ಹಲವು ವರ್ಷಗಳ ರಾತ್ರಿ ಚಿತ್ರಗಳನ್ನು ಜೋಡಿಸಿ, ಊರುಗಳು ಬೆಳೆದದ್ದನ್ನು ತೋರಿಸಲು ಬಣ್ಣ ಹಚ್ಚಿದ ನಕ್ಷೆ. ಮೂಲ ಚಿತ್ರ, ಅದರ ಹುಟ್ಟಿನ ವಿವರ ಜನರ ಭಾಷೆಯಲ್ಲಿ ಸುಲಭಕ್ಕೆ ಸಿಗದಿದ್ದಾಗ ಆ ಜಾಗವನ್ನು ಸುಳ್ಳು ತುಂಬುತ್ತದೆ.

ಕಾನೂನಿನ ಗಂಟೂ ಒಂದಿದೆ. ಅಮೆರಿಕದ ಕೇಂದ್ರ ಸರ್ಕಾರದ ಕೃತಿಗಳಿಗೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲ; ನಾಸಾದ ಚಂದ್ರನ ಚಿತ್ರವನ್ನು ಜಗಳೂರಿನ ಶಾಲೆ ತನ್ನ ಸ್ಮರಣ ಸಂಚಿಕೆಯಲ್ಲಿ ಧೈರ್ಯವಾಗಿ ಮುದ್ರಿಸಬಹುದು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸರ್ಕಾರದ ಕೃತಿಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟದ, ಆ ವರ್ಷ ಪ್ರಕಟವಾದ ಸರ್ಕಾರಿ ಫೋಟೊ 2035 ಮುಗಿಯುವ ತನಕ ಹಕ್ಕಿನೊಳಗೇ ಇರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಮುಕ್ತ ದತ್ತಾಂಶ ಪರವಾನಗಿಯೊಂದನ್ನು ರೂಪಿಸಿದೆ. ಇಸ್ರೊದ ಪ್ರತಿ ಚಿತ್ರ, ಪ್ರತಿ ಧ್ವನಿಯ ಕೆಳಗೆ ಅದನ್ನು ಒಂದೇ ಸಾಲಿನಲ್ಲಿ ನಮೂದಿಸಬೇಕು: ಮೂಲ ಹೇಳಿ, ಯಾರು ಬೇಕಾದರೂ ಬಳಸಬಹುದು. ಪತ್ರ ಬರೆದು ಉತ್ತರಕ್ಕೆ ಕಾಯಬೇಕಾದ ಮೇಷ್ಟ್ರು ಚಿತ್ರವನ್ನೇ ಕೈಬಿಡುತ್ತಾರೆ.

ದೇಶದ ಭದ್ರತೆಯ ಪ್ರಶ್ನೆ ಎತ್ತುವವರಿಗೆ ಉತ್ತರ ನೀತಿಯಲ್ಲೇ ಇದೆ. ಐದು ಮೀಟರ್‌ಗಿಂತ ಸೂಕ್ಷ್ಮವಾದ ಚಿತ್ರಗಳಿಗೆ ಬೇರೆ ನಿಯಮ ಇಟ್ಟುಕೊಂಡೇ ಉಳಿದದ್ದನ್ನು ಮುಕ್ತ ಎಂದಿದ್ದಾರೆ. ಸೂಳೆಕೆರೆಯ ನೀರು, ಜಗಳೂರಿನ ಬರ ಯಾರ ಗುಟ್ಟೂ ಅಲ್ಲ.

ದಾರಿ ಹಾಕುವವರು ಯಾರು? ಚಿತ್ರ ಹೆಕ್ಕಿ, ಬಣ್ಣ ಸರಿಪಡಿಸಿ ತಾಲ್ಲೂಕುವಾರು ಜೋಡಿಸುವ ಕೆಲಸ ರಾಜ್ಯ ದೂರಸಂವೇದಿ ಕೇಂದ್ರಕ್ಕೆ ಹೊಸದಲ್ಲ. ಕನ್ನಡದಲ್ಲಿ ವಿಜ್ಞಾನ ಬರೆಯುವ ಕೈಗಳಿಗೂ ಕೊರತೆಯಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲವಿಜ್ಞಾನ'ದಂಥ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ನಾಡು ಇದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವೆಡೆ ಕಂಪ್ಯೂಟರೂ ಬಂದಿದೆ. ಪ್ರತಿ ಅರಿವು ಕೇಂದ್ರಕ್ಕೆ ಆ ಪಂಚಾಯಿತಿಯ ಕೆರೆ, ಗುಡ್ಡ, ಹೊಲಗಳ ದಶಕಕ್ಕೊಂದು ಚಿತ್ರ, ಜತೆಗೆ ಚಂದ್ರಯಾನದ ಇಪ್ಪತ್ತು ಚಿತ್ರ ಮುದ್ರಿಸಿ ಕೊಡುವುದಕ್ಕೆ ತಗಲುವ ವೆಚ್ಚ ಒಂದು ಬಾಹ್ಯಾಕಾಶ ದಿನದ ಶಾಮಿಯಾನದ ಬಾಡಿಗೆಗಿಂತ ಹೆಚ್ಚಾಗದು. ಇದನ್ನು ದಾವಣಗೆರೆ ಜಿಲ್ಲಾ ಪಂಚಾಯಿತಿ ಈ ನಾಲ್ಕು ತಾಲ್ಲೂಕುಗಳಿಂದಲೇ ಶುರುಮಾಡಬಹುದು.

ಮನುಷ್ಯರ ಧ್ವನಿಗಳ ಭಂಡಾರ ಕಟ್ಟುವ ಕೆಲಸ ಮಾತ್ರ ಇನ್ನು ತಡವಾಗಬಾರದು. 1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ ಪ್ರಯೋಗದಲ್ಲಿ ಉಪಗ್ರಹದ ಮೂಲಕ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಕನ್ನಡ ಟಿವಿ ಕಾರ್ಯಕ್ರಮ ಬಂದಾಗ ಪಂಚಾಯಿತಿ ಕಟ್ಟೆಯ ಮೇಲೆ ಕೂತು ನೋಡಿದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ಪೀಣ್ಯದಲ್ಲಿ ಆರ್ಯಭಟಕ್ಕೆ ತಂತಿ ಜೋಡಿಸಿದ ಯುವಕರು ಎಂಬತ್ತರ ಆಚೀಚೆ ಇದ್ದಾರೆ. ಯು.ಆರ್. ರಾವ್ 2017ರಲ್ಲಿ ತೀರಿಕೊಂಡರು. ಉಳಿದವರನ್ನು ಕನ್ನಡದಲ್ಲಿ ಮಾತನಾಡಿಸಿ, ತಾರೀಕು ಹೆಸರು ಸಮೇತ ದಾಖಲಿಸಿ, ಎಲ್ಲರಿಗೂ ತೆರೆದಿಡುವುದಕ್ಕೆ ರಾಕೆಟ್ಟು ಬೇಡ. ದಾವಣಗೆರೆ ಮತ್ತು ಕುವೆಂಪು ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿದ್ಯಾರ್ಥಿಗಳು ಒಂದು ರೆಕಾರ್ಡರ್ ಹಿಡಿದು ಬೆಂಗಳೂರಿನ ರೈಲು ಹತ್ತಿದರೆ ಆ ಕೆಲಸ ಈ ವರ್ಷವೇ ಶುರುವಾಗುತ್ತದೆ.